ಕದ ನೋಡಿ ಕೋಳಿ ಕೊಡಿ

ಜಾತ್ರೆಯ ಬೀದಿಯಲ್ಲೋ ಶಾಲೆಯ ಗೇಟಿನ ಮುಂದೋ ರಟ್ಟಿನ ಡಬ್ಬದಲ್ಲಿ ಗುಲಾಬಿ, ಹಸಿರು, ನೀಲಿ ಬಣ್ಣ ಹಚ್ಚಿದ ಕೋಳಿಮರಿಗಳನ್ನು ಮಾರುವುದು ನಮ್ಮಲ್ಲಿ ಎಲ್ಲರೂ ಕಂಡದ್ದೇ. ಅವುಗಳಲ್ಲಿ ಬಹುಪಾಲು ಮೊಟ್ಟೆಕೋಳಿ ತಳಿಯ ಗಂಡು ಮರಿಗಳು. ಮೊಟ್ಟೆ ಇಡುವುದಿಲ್ಲ, ಮಾಂಸಕ್ಕೆ ಬೇಕಾದಷ್ಟು ಬೇಗ ಮೈಬಿಡುವುದೂ ಇಲ್ಲ, ಹೀಗಾಗಿ ಹ್ಯಾಚರಿಯ ಲೆಕ್ಕದಲ್ಲಿ ಅವು ಬೇಡದ ಜೀವಗಳು. ತಾಯಿಯ ಕಾವಿಲ್ಲದೆ, ಬೆಚ್ಚಗಿಡುವ ಬಲ್ಬೂ ಇಲ್ಲದೆ ಎಷ್ಟೋ ಮರಿಗಳು ಮಕ್ಕಳ ಕೈಯಲ್ಲೇ ಕೆಲವು ದಿನಗಳಲ್ಲಿ ಸಾಯುತ್ತವೆ. ಬದುಕಿ ಉಳಿದದ್ದು ನಾಲ್ಕೈದು ತಿಂಗಳಲ್ಲಿ ಬಿಳಿ ಹುಂಜವಾಗಿ, ನಸುಕಿನ ನಾಲ್ಕಕ್ಕೇ ಕೂಗಲು ತೊಡಗುತ್ತದೆ. ಅಕ್ಕಪಕ್ಕದವರ ತಕರಾರು ಬರುತ್ತದೆ, ಬಾಡಿಗೆ ಮನೆಯ ಮಾಲೀಕರು ಹೇಳಿ ಕಳಿಸುತ್ತಾರೆ. ಆಗ ಹುಡುಕಾಟ ಶುರು: ಊರಲ್ಲಿ ತೋಟವಿರುವ ನೆಂಟರು ಯಾರಿದ್ದಾರೆ? ತಾರಸಿಯ ಮೇಲೆ ನಾಲ್ಕು ನಾಟಿ ಕೋಳಿ ಸಾಕಿ ವರ್ಗಾವಣೆ ಬಂದವರು, ಸೈಟು ಮಾರಿದವರು, ವಯಸ್ಸಾಗಿ ಮಕ್ಕಳ ಮನೆಗೆ ಹೊರಟವರು ಕೂಡ ಇದೇ ಹುಡುಕಾಟಕ್ಕೆ ಬೀಳುತ್ತಾರೆ. ಎಲ್ಲರ ಬಾಯಲ್ಲೂ ಒಂದೇ ಮಾತು: ಹಳ್ಳಿಯಲ್ಲಿ ಬಿಟ್ಟರೆ ಹಾಯಾಗಿ ಮೇದುಕೊಂಡು ಇರುತ್ತೆ.

ಈ ಮಾತು ಒಳ್ಳೆಯ ಮನಸ್ಸಿನಿಂದಲೇ ಬರುತ್ತದೆ. ಆದರೆ ಹೀಗೆ ಬಿಟ್ಟ ಕೋಳಿ ಎಷ್ಟೋ ಸಲ ಮೊದಲ ವಾರವನ್ನೂ ದಾಟುವುದಿಲ್ಲ. ಮುಂಗುಸಿ ಹಿಡಿಯಿತಂತೆ, ನಾಯಿ ಎಳೆದುಕೊಂಡು ಹೋಯಿತಂತೆ ಎಂಬ ಸುದ್ದಿ ಫೋನಿನಲ್ಲಿ ಬರುತ್ತದೆ. ತಪ್ಪು ಮುಂಗುಸಿಯ ತಲೆಗೆ ಹೋಗುತ್ತದೆ. ನನ್ನ ವಾದ ಬೇರೆ. ಆ ಕೋಳಿ ಸತ್ತದ್ದು ಮುಂಗುಸಿ ಬಂದ ಹೊತ್ತಿನಲ್ಲಿ ಅಲ್ಲ, ರಾತ್ರಿ ಅದನ್ನು ಎಲ್ಲಿ ಕೂಡುತ್ತೀರಿ ಎಂದು ಕೇಳದೆ ನಾವು ಅದನ್ನು ಕೈದಾಟಿಸಿದ ಹೊತ್ತಿನಲ್ಲೇ. ಕೋಳಿಗೆ ಹೊಸ ಮನೆ ಎಂದರೆ ಹೊಸ ಅಂಗಳವಲ್ಲ. ಮುಚ್ಚಿದರೆ ಮುಚ್ಚಿಕೊಳ್ಳುವ ಕದವಿರುವ ಒಂದು ಗೂಡು. ಇದು ಸಣ್ಣ ಸಂಗತಿಯೂ ಅಲ್ಲ. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಹಿತ್ತಲ ಕೋಳಿಗಳ ಸಂಖ್ಯೆ 31.7 ಕೋಟಿ, ಹಿಂದಿನ, ಅಂದರೆ 2012ರ ಗಣತಿಗಿಂತ ಶೇ 45ಕ್ಕೂ ಹೆಚ್ಚು. ಅದೇ ಅವಧಿಯಲ್ಲಿ ಫಾರಂ ಕೋಳಿಗಳು ಹೆಚ್ಚಿದ್ದು ಶೇ 5ರೊಳಗೆ. ಮನೆಯಿಂದ ಮನೆಗೆ ಕೈ ಬದಲಾಯಿಸುವ ಕೋಳಿಗಳು ಈ ಹಿತ್ತಲ ಕೋಳಿಗಳೇ.

ಕೋಳಿಯ ಸ್ವಭಾವವನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಮೊದಲ ವಾರ ಯಾಕೆ ಅಷ್ಟು ಅಪಾಯದ್ದು ಎಂಬುದು ತಿಳಿಯುತ್ತದೆ. ಹೊತ್ತು ಇಳಿಯುತ್ತಿದ್ದಂತೆ ಕೋಳಿ ಮೇಯುವುದನ್ನು ನಿಲ್ಲಿಸುತ್ತದೆ, ಕತ್ತು ಎತ್ತಿ ಅತ್ತಿತ್ತ ನೋಡುತ್ತದೆ, ನಿನ್ನೆ ಮಲಗಿದ ಜಾಗದ ಕಡೆಗೇ ಹೆಜ್ಜೆ ಹಾಕುತ್ತದೆ. ಕತ್ತಲಾದ ಮೇಲೆ ಅದಕ್ಕೆ ಕಣ್ಣು ಕಾಣುವುದು ಬಹಳ ಕಡಿಮೆ. ಎತ್ತಿಕೊಂಡರೂ ಕೊಸರಾಡದೆ ಕೈಯಲ್ಲಿ ಕೂರುತ್ತದೆ. ಈ ಇರುಳುಗುರುಡಿಗೆ ಪರಿಹಾರವಾಗಿಯೇ ಅದರ ಪೂರ್ವಿಕರಾದ ಕಾಡುಕೋಳಿಗಳು ಮರದ ಕೊಂಬೆಯಲ್ಲೋ ಬಿದಿರು ಮೆಳೆಯಲ್ಲೋ ಎತ್ತರದಲ್ಲಿ ಮಲಗುತ್ತವೆ. ಹಿತ್ತಲ ಕೋಳಿಯ ಮುಖ್ಯ ಪೂರ್ವಿಕ ಕೆಂಪು ಕಾಡುಕೋಳಿ. ಆದರೆ ಅನೇಕ ಸಾಕುಕೋಳಿಗಳ ಹಳದಿ ಚರ್ಮ, ಹಳದಿ ಕಾಲು ನಮ್ಮ ಪಶ್ಚಿಮ ಘಟ್ಟದಲ್ಲಿ ಓಡಾಡುವ ಬೂದು ಕಾಡುಕೋಳಿಯಿಂದ ಬಂದ ಗುಣ ಎಂದು 2008ರಲ್ಲಿ ವಂಶವಾಹಿ ಸಂಶೋಧನೆ ತೋರಿಸಿತು. ಎತ್ತರ ಹುಡುಕುವ ಹಟ ಇಂದಿಗೂ ಅದರ ರಕ್ತದಲ್ಲಿದೆ. ಹೊಸ ಮನೆಗೆ ಬಂದ ಕೋಳಿಗೆ ನಿನ್ನೆಯ ಜಾಗ ಇಲ್ಲ, ಇಂದಿನ ಜಾಗ ಗೊತ್ತಿಲ್ಲ. ಬೆಳಕು ಕುಂದುವ ಅರ್ಧ ಗಂಟೆಯಲ್ಲಿ ಅದು ಗಾಬರಿಯಿಂದ ಬೇಲಿ ಸುತ್ತುತ್ತದೆ, ಕೊನೆಗೆ ಕಂಡ ಕಡೆ, ಸೌದೆ ರಾಶಿಯ ಮೇಲೋ ಕಾಂಪೌಂಡಿನ ಮೂಲೆಯಲ್ಲೋ ಕುಕ್ಕರಿಸುತ್ತದೆ. ಕಾಡುಬೆಕ್ಕು, ಪುನುಗು, ಬೀದಿನಾಯಿ ಹೊರಡುವ ಹೊತ್ತೂ ಅದೇ.

ಇನ್ನು ಗೂಡಿದ್ದೂ ಕದ ಸರಿಯಿಲ್ಲದ ಮನೆಯ ಕತೆ. ಒಳನುಗ್ಗಿದ ಪ್ರಾಣಿ ಒಂದೇ ರಾತ್ರಿ ಹತ್ತು ಕೋಳಿ ಕೊಂದು, ತಿಂದದ್ದು ಮಾತ್ರ ಒಂದನ್ನು ಎಂದರೆ ಜನರಿಗೆ ಸಹಜವಾಗಿಯೇ ಸಿಟ್ಟು ಬರುತ್ತದೆ. ಹಸಿವಿಗಲ್ಲ, ಕೊಲ್ಲುವ ಚಟಕ್ಕೆ ಎನ್ನುತ್ತಾರೆ. ಪ್ರಾಣಿಶಾಸ್ತ್ರಜ್ಞ ಹಾನ್ಸ್ ಕ್ರೂಕ್ 1972ರಲ್ಲಿ ಪ್ರಕಟಿಸಿದ ಅಧ್ಯಯನ ಇದೇ ಪ್ರಶ್ನೆಯನ್ನು ಎತ್ತಿಕೊಂಡಿತ್ತು. ಇಂಗ್ಲೆಂಡಿನ ಕಡಲ ತೀರದಲ್ಲಿ ಗೂಡು ಕಟ್ಟಿದ ಕರಿತಲೆ ಕಡಲಹಕ್ಕಿಗಳನ್ನು ನರಿಗಳು ಗಾಢ ಕತ್ತಲ ರಾತ್ರಿಗಳಲ್ಲಿ ರಾಶಿಗಟ್ಟಲೆ ಕೊಂದು, ಹೆಚ್ಚಿನವನ್ನು ತಿನ್ನದೆ ಬಿಟ್ಟು ಹೋಗುತ್ತಿದ್ದವು. ಕತ್ತಲಲ್ಲಿ ಆ ಹಕ್ಕಿಗಳು ಹಾರಲಿಲ್ಲ, ಕೂತಲ್ಲೇ ಕೂತಿದ್ದವು. ಸೆರೆಂಗೆಟಿಯಲ್ಲಿ ಕತ್ತೆಕಿರುಬಗಳು ಸಣ್ಣ ಜಿಂಕೆಗಳನ್ನು ಹೀಗೆಯೇ ಕೊಂದದ್ದನ್ನೂ ಅವರು ದಾಖಲಿಸಿದರು. ಹೊಟ್ಟೆ ತುಂಬಿದರೆ ಬೇಟೆಗಾರ ಪ್ರಾಣಿ ಹುಡುಕುವುದನ್ನು ನಿಲ್ಲಿಸುತ್ತದೆ. ಆದರೆ ಕಣ್ಣೆದುರೇ ಪಟಪಟನೆ ರೆಕ್ಕೆ ಬಡಿಯುತ್ತ, ಓಡಲಾಗದೆ ಇರುವ ಬೇಟೆಯನ್ನು ಕಂಡರೆ ಹಿಡಿಯುವ, ಕಚ್ಚುವ ಪ್ರವೃತ್ತಿ ಮತ್ತೆ ಮತ್ತೆ ಎಚ್ಚರಗೊಳ್ಳುತ್ತದೆ. ಕಾಡಿನಲ್ಲಿ ಒಂದು ಸಿಕ್ಕಿದ ಕೂಡಲೇ ಉಳಿದವು ಹಾರಿಹೋಗುವುದರಿಂದ ಈ ಸ್ಥಿತಿ ಬರುವುದೇ ಅಪರೂಪ. ನಾವು ಕಟ್ಟಿದ ಗೂಡಿನಲ್ಲಿ ಕೋಳಿಗೆ ಹೊರಹೋಗಲು ದಾರಿಯಿಲ್ಲ, ಕೊಲ್ಲುವ ಪ್ರಾಣಿಗೆ ಒಳಬರಲು ದಾರಿಯಿದೆ. ಅರೆಬರೆ ಗೂಡು ಗೂಡಿಲ್ಲದ್ದಕ್ಕಿಂತಲೂ ಕೆಟ್ಟದ್ದು ಎಂದು ನಾನು ಹೇಳುವುದು ಇದಕ್ಕೆ.

ಹಾಗಾದರೆ ಆ ಪ್ರಾಣಿಯನ್ನೇ ಇಲ್ಲವಾಗಿಸಿದರೆ ಆಯಿತಲ್ಲ ಎನ್ನುವವರಿದ್ದಾರೆ. ಊರುಗಳಲ್ಲಿ ಇದಕ್ಕೆ ಉರುಲು ಇಡುತ್ತಾರೆ, ಸತ್ತ ಕೋಳಿಗೆ ವಿಷ ಸವರಿ ಇಡುತ್ತಾರೆ. ಮೊದಲಿಗೆ, ಇದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮುಂಗುಸಿ, ಪುನುಗು, ಕಾಡುಬೆಕ್ಕು, ಉಡ, ಹೆಬ್ಬಾವು, ನಾಗರಹಾವು, ಕೇರೆಹಾವು ಎಲ್ಲಕ್ಕೂ ರಕ್ಷಣೆಯಿದೆ. ಉರುಲು, ಬೋನು, ವಿಷ ಎಲ್ಲವೂ ಆ ಕಾಯ್ದೆಯ ಬೇಟೆ ಎಂಬ ಪದದೊಳಗೇ ಬರುತ್ತವೆ. ಕಾನೂನು ಬದಿಗಿರಲಿ, ಉರುಲು ಯಾರಿಗಿಟ್ಟದ್ದೋ ಯಾರಿಗೋ ಬೀಳುತ್ತದೆ. ಮಲೆನಾಡು, ಕೊಡಗಿನ ತೋಟಗಳ ಅಂಚಿನಲ್ಲಿ ಹಂದಿಗೆ ಇಟ್ಟ ಉರುಲಿನಲ್ಲಿ ಚಿರತೆ, ಹುಲಿ ನರಳಿ ಸತ್ತಿವೆ. ವಿಷವಿಟ್ಟ ಮಾಂಸವನ್ನು ಮೊದಲು ತಿನ್ನುವುದು ಸಾಮಾನ್ಯವಾಗಿ ಊರ ನಾಯಿ, ಕಾಗೆ. ಅದಕ್ಕೂ ಮಿಗಿಲಾಗಿ, ಈ ದಾರಿ ಫಲ ಕೊಡುವುದಿಲ್ಲ. ಜಪಾನಿನ ಅಮಾಮಿ ಓಶಿಮಾ ದ್ವೀಪದ ಅನುಭವ ನೋಡಿ. ವಿಷದ ಹಾವುಗಳನ್ನು ಹತೋಟಿಗೆ ತರಲೆಂದು 1979ರಲ್ಲಿ ಅಲ್ಲಿ ಬಿಟ್ಟದ್ದು ಸುಮಾರು 30 ಮುಂಗುಸಿಗಳನ್ನು. ಅವು ಹಗಲಿನಲ್ಲಿ ತಿರುಗುವ ಪ್ರಾಣಿ, ಆ ಹಾವುಗಳು ರಾತ್ರಿ ಹೊರಡುವಂಥವು, ಹಾಗಾಗಿ ಹಾವು ಕಡಿಮೆಯಾಗಲಿಲ್ಲ. ದ್ವೀಪದ ಅಪರೂಪದ ಮೊಲವೂ ಹಕ್ಕಿಗಳೂ ಮುಂಗುಸಿಯ ಬಾಯಿಗೆ ಬಿದ್ದವು. ಸರ್ಕಾರವೇ ತರಬೇತಾದ ತಂಡ ಕಟ್ಟಿ, ಸಾವಿರಾರು ಬೋನು ಇಟ್ಟು, ನಾಯಿಗಳನ್ನು ಹಚ್ಚಿ ವರ್ಷಗಟ್ಟಲೆ ಹಿಡಿಸಿತು. ಮುಂಗುಸಿ ಇಲ್ಲವಾಯಿತೆಂದು ಘೋಷಿಸಲು 2024 ಬರಬೇಕಾಯಿತು. ನಾಲ್ಕೂ ಕಡೆ ಸಮುದ್ರವಿರುವ ಒಂದು ದ್ವೀಪದಲ್ಲಿ, ಹೊರಗಿನಿಂದ ಬಂದ ಪ್ರಾಣಿಯ ವಿಷಯದಲ್ಲಿ ಇಷ್ಟು ಪಾಡು. ಮುಂಗುಸಿ ಹುಟ್ಟಿ ಬೆಳೆದ ನೆಲವೇ ನಮ್ಮದು. ಇಲ್ಲಿ ಒಂದು ಹಿತ್ತಲಿನಲ್ಲಿ ಒಂದನ್ನು ಕೊಂದರೆ ಖಾಲಿಯಾದ ಜಾಗಕ್ಕೆ ಪಕ್ಕದ ಬೇಲಿಯಿಂದ ಇನ್ನೊಂದು ಬರುತ್ತದೆ. ಅದು ಬರುವ ತನಕ ಹೆಗ್ಗಣ, ಇಲಿಗಳಿಗೆ ಹಬ್ಬ. ಹೆಗ್ಗಣ ಕೋಳಿಮರಿಯನ್ನೂ ಮೊಟ್ಟೆಯನ್ನೂ ಬಿಡುವ ಪ್ರಾಣಿಯಲ್ಲ, ಇಲಿ ಹೆಚ್ಚಿದರೆ ಹಿಂದೆಯೇ ಹಾವು ಬರುತ್ತದೆ.

ನಮ್ಮ ಅಜ್ಜಿಯರ ಕಾಲದಲ್ಲಿ ಯಾವ ಗೂಡೂ ಇರಲಿಲ್ಲ, ಕೋಳಿ ಬದುಕಲಿಲ್ಲವೇ ಎಂಬುದು ಇನ್ನೊಂದು ಪ್ರಶ್ನೆ. ಇದು ಗಂಭೀರವಾದ ಪ್ರಶ್ನೆಯೇ. ಆದರೆ ಆ ಕಾಲದಲ್ಲಿ ಗೂಡು ಇರಲಿಲ್ಲ ಎನ್ನುವುದು ಸರಿಯಲ್ಲ, ಮನೆಯೇ ಗೂಡಾಗಿತ್ತು. ಮರಿ ಮಾಡಿದ ಹೇಂಟೆಯ ಮೇಲೆ ಸಂಜೆ ಜಗಲಿಯ ಮೂಲೆಯಲ್ಲಿ ಮಂಕರಿ ಕವುಚಿ, ಮೇಲೊಂದು ಕಲ್ಲು ಹೇರುತ್ತಿದ್ದರು. ಕೊಟ್ಟಿಗೆಯ ಅಡ್ಡೆಯ ಮೇಲೆ ಉಳಿದವು ಕೂರುತ್ತಿದ್ದವು, ಕೆಳಗೆ ದನ, ಬಾಗಿಲಲ್ಲಿ ನಾಯಿ, ಜಗಲಿಯಲ್ಲಿ ಮಲಗಿದ ಮನೆಯ ಹಿರಿಯರು. ಅಷ್ಟು ಕಾವಲಿದ್ದೂ ಹೋದವು ಹೋಗುತ್ತಿದ್ದವು. ಮನೆಯಲ್ಲೇ ಹೇಂಟೆ ಕಾವಿಗೆ ಕೂತು ಮತ್ತೆ ಮರಿ ತೆಗೆಯುತ್ತಿದ್ದರಿಂದ ನಷ್ಟ ಲೆಕ್ಕಕ್ಕೆ ಬರುತ್ತಿರಲಿಲ್ಲ. ಈಗ ಜಗಲಿ ಹೋಗಿ ಟೈಲ್ಸ್ ಹಾಕಿದ ವರಾಂಡ ಬಂದಿದೆ, ದನ ಕಟ್ಟುವವರು ಕಡಿಮೆ, ಎಲ್ಲರೂ ಒಳಗೆ ಬಾಗಿಲು ಹಾಕಿ ಮಲಗುತ್ತಾರೆ. ಕೋಳಿಯನ್ನು ಹೊರಗೆ ಹಾಕಿ, ಕಾವಲನ್ನು ಮಾತ್ರ ನಾವು ಒಳಗೆ ಒಯ್ದಿದ್ದೇವೆ.

ಕೋಳಿಯೂ ಬದಲಾಗಿದೆ. ಮೈಹಗುರದ ನಾಟಿ ಕೋಳಿ ಅಪಾಯ ಕಂಡರೆ ಹಲಸಿನ ಮರದ ಮೊದಲ ಕೊಂಬೆಗೆ ಹಾರಬಲ್ಲದು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ, ಅದರ ನಂತರದ ಸ್ವರ್ಣಧಾರ, ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯದ ವನರಾಜ ಇವೆಲ್ಲ ಹಿತ್ತಲಿಗೆಂದೇ ತಯಾರಾದ ತಳಿಗಳು. ಮಣ್ಣಿನಲ್ಲಿ ಬೆರೆಯುವಂಥ ಬಣ್ಣ ಇರಬೇಕೆಂದು ಯೋಚಿಸಿಯೇ ಇವುಗಳನ್ನು ಬೆಳೆಸಿದ್ದಾರೆ. ಇವು ನಾಟಿಗಿಂತ ಎರಡರಷ್ಟು ಮೊಟ್ಟೆ ಕೊಡುತ್ತವೆ, ಮೈತೂಕವೂ ಹೆಚ್ಚು. ಆದರೆ ಅಷ್ಟು ತೂಕ ಹೊತ್ತು ಮರ ಹತ್ತಲಾಗದು, ಕಾವಿಗೆ ಕೂರುವ ಗುಣವೂ ಇಲ್ಲ. ಸತ್ತದ್ದರ ಜಾಗ ತಾನಾಗಿ ತುಂಬುವುದಿಲ್ಲ, ಪ್ರತಿ ಮರಿಯನ್ನೂ ದುಡ್ಡು ಕೊಟ್ಟು ತರಬೇಕು. ಗ್ರಾಮೀಣ ಮಹಿಳೆಯರಿಗೆ ಮರಿ ಹಂಚುವ ಸರ್ಕಾರಿ ಯೋಜನೆಗಳನ್ನೂ ನಾನು ಇದೇ ಕಣ್ಣಿನಿಂದ ನೋಡುತ್ತೇನೆ. ಮರಿಯನ್ನು ನಾಲ್ಕೈದು ವಾರ ಸಾಕಿ, ಲಸಿಕೆ ಹಾಕಿ ಕೊಡುವುದು ಒಳ್ಳೆಯ ಕ್ರಮ. ಕೇಂದ್ರದ ಹಿತ್ತಲ ಕೋಳಿ ಯೋಜನೆಯಲ್ಲಿ ರಾತ್ರಿ ಗೂಡಿಗೆಂದೂ ಸ್ವಲ್ಪ ಹಣ ಸೇರಿಸಿದ್ದರು. ಆದರೆ ಗೂಡು ಎದ್ದು ನಿಂತದ್ದನ್ನು ನೋಡಿದ ಮೇಲೆ ಮರಿ ಕೊಡಬೇಕೇ ಹೊರತು ಮರಿ ಕೊಟ್ಟು ಗೂಡು ಕಟ್ಟಿಕೊಳ್ಳಿ ಎನ್ನಬಾರದು. ವಿತರಣೆಯ ದಿನ ಫೋಟೊದಲ್ಲಿ ಕಾಣುವುದು ಮರಿಗಳ ಲೆಕ್ಕ. ಆರು ತಿಂಗಳ ಮೇಲೆ ಮೊಟ್ಟೆಯಿಡಲು ಎಷ್ಟು ಉಳಿದವು ಎಂಬುದೇ ಆ ಹೆಣ್ಣುಮಗಳ ಲೆಕ್ಕ.

ಗೂಡೆಂದರೆ ದೊಡ್ಡ ಖರ್ಚು, ಕೋಳಿಗಿಂತ ಜಾಲರಿಯೇ ದುಬಾರಿ ಎಂಬ ಆಕ್ಷೇಪ ನಿಜ, ಇಡೀ ಹಿತ್ತಲಿಗೆ ಬೇಲಿ ಹಾಕಲು ಹೊರಟರೆ. ಬೇಕಾದದ್ದು ರಾತ್ರಿಯ ಜಾಗ ಮಾತ್ರ. ಹತ್ತು ಕೋಳಿಗೆ 4 ಅಡಿ ಉದ್ದ, 3 ಅಡಿ ಅಗಲದ ಪೆಟ್ಟಿಗೆ ಸಾಕು. ನೆಲದಿಂದ ಎರಡು ಅಡಿ ಎತ್ತರದ ಕಾಲುಗಳು, ಒಳಗೆ ಒಂದಕ್ಕೆ ಎಂಟು ಇಂಚಿನಂತೆ ಲೆಕ್ಕ ಹಾಕಿ ಎರಡು ಸಾಲು ಅಡ್ಡೆ. ಅಡಿಕೆ ದಬ್ಬೆ, ಹಳೆಯ ಕಿಟಕಿಯ ಚೌಕಟ್ಟು, ಮುರಿದ ಮಂಚದ ಹಲಗೆ ಎಲ್ಲವೂ ನಡೆಯುತ್ತದೆ. ದುಡ್ಡು ಹಾಕಬೇಕಾದದ್ದು ಎರಡೇ ಕಡೆ, ಜಾಲರಿ ಮತ್ತು ಚಿಲಕ. ಅಂಗಡಿಯಲ್ಲಿ ಕೋಳಿ ಜಾಲರಿ ಎಂದೇ ಕೊಡುವ ಆರು ಮೂಲೆಯ ತೆಳು ತಂತಿಯ ಬಲೆ ಕೋಳಿಯನ್ನು ಒಳಗಿಡಲು ಆದೀತೇ ಹೊರತು ನಾಯಿಯನ್ನು ಹೊರಗಿಡಲಾರದು. ನಾಯಿ ಅದನ್ನು ಹಲ್ಲಿನಿಂದ ಕಿತ್ತು ಹರಿಯುತ್ತದೆ, ಕೇರೆಹಾವು ಅದರ ಕಣ್ಣಿನೊಳಗೇ ನುಸುಳುತ್ತದೆ. ಅರ್ಧ ಇಂಚು ಕಣ್ಣಿನ ಬೆಸುಗೆ ಜಾಲರಿಯನ್ನು ಮೊಳೆಯಿಂದಲ್ಲ, ವಾಷರ್ ಕೊಟ್ಟು ಸ್ಕ್ರೂ ಹಾಕಿ ಕೂರಿಸಬೇಕು. ಗೂಡು ನೆಲಕ್ಕೇ ತಾಗಿದ್ದರೆ ಅದೇ ಜಾಲರಿಯನ್ನು ಸುತ್ತಲೂ ಒಂದೂವರೆ ಅಡಿ ಹೊರಕ್ಕೆ ಚಾಚಿ ಮಣ್ಣು ಮುಚ್ಚಬೇಕು. ತೋಡುವ ಪ್ರಾಣಿ ಗೋಡೆಯ ಬುಡದಲ್ಲೇ ತೋಡಲು ಶುರು ಮಾಡುತ್ತದೆ, ಕಾಲಿಗೆ ತಂತಿ ಸಿಕ್ಕಿದರೆ ಹಿಂದೆ ಸರಿದು ತೋಡುವ ಬುದ್ಧಿ ಅದಕ್ಕೆ ಸಾಮಾನ್ಯವಾಗಿ ಬರುವುದಿಲ್ಲ. ಗಾಳಿಯಾಡಲು ಕಿಂಡಿ ಕೋಳಿಯ ತಲೆಗಿಂತ ಮೇಲಿರಲಿ. ಕದದ ಕೆಳಮೂಲೆಯನ್ನು ಬೆರಳಿಟ್ಟು ಅಳೆಯಿರಿ. ಎರಡು ಬೆರಳು ತೂರಿದರೆ ಇಲಿ, ಹಾವು ಎರಡೂ ತೂರುತ್ತವೆ. ಎಲ್ಲ ಮುಗಿದ ಮೇಲೆ ಕತ್ತಲಲ್ಲಿ ಟಾರ್ಚ್ ಹೊತ್ತಿಸಿ ಗೂಡಿನೊಳಗಿಟ್ಟು ಕದ ಹಾಕಿ, ಹೊರಗೆ ಕೂತು ಬೆಳಕು ಎಲ್ಲೆಲ್ಲಿ ಸೋರುತ್ತದೆ ನೋಡಿ. ಜಾಲರಿಯ ಜಾಗ ಬಿಟ್ಟು ಬೇರೆಲ್ಲಿ ಗೆರೆ ಕಂಡರೂ ಅದು ದಾರಿಯೇ. ಮಲೆನಾಡಿನಲ್ಲಿ ನಾಯಿಯ ಕಾವಲನ್ನೇ ನಂಬುವವರು ಒಂದು ಮಾತು ನೆನಪಿಡಬೇಕು: ನಾಯಿ ಮುಂಗುಸಿಯನ್ನು ಓಡಿಸುತ್ತದೆ, ಆದರೆ ಚಿರತೆಯನ್ನು ಕರೆಯುತ್ತದೆ.

ಕೂಡಿಹಾಕುವುದಾದರೆ ಹಿತ್ತಲ ಕೋಳಿ ಸಾಕುವ ಅರ್ಥವೇ ಹೋಯಿತಲ್ಲ ಎಂದು ಮರುಗುವವರ ಕಳಕಳಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕೆದಕಿ ಮೇಯುವುದು, ಧೂಳಿನಲ್ಲಿ ಹೊರಳುವುದು ಕೋಳಿಯ ಬದುಕು. ನಾನು ಕೇಳುತ್ತಿರುವುದು ಸಂಜೆಯಿಂದ ಬೆಳಗಿನವರೆಗಿನ ಕದ. ಹಗಲಿಗೆ ಕೋಳಿ ತನ್ನದೇ ಕಾವಲು ತಂದುಕೊಂಡಿದೆ. ಆಕಾಶದಲ್ಲಿ ಗಿಡುಗ ಕಂಡಾಗಿನ ಕೂಗು ಬೇರೆ, ನೆಲದಲ್ಲಿ ನಾಯಿಯೋ ಮುಂಗುಸಿಯೋ ಕಂಡಾಗಿನ ಕೂಗು ಬೇರೆ ಎಂದು ಪೀಟರ್ ಮಾರ್ಲರ್, ಕ್ರಿಸ್ಟೋಫರ್ ಇವಾನ್ಸ್ ಮತ್ತು ಸಂಗಡಿಗರ ಪ್ರಯೋಗಗಳು ತೋರಿಸಿವೆ. ಧ್ವನಿಮುದ್ರಣ ಕೇಳಿಸಿದರೂ ಸಾಕು, ಮೊದಲನೆಯದಕ್ಕೆ ಹೇಂಟೆಗಳು ಮರೆಗೆ ಓಡಿ ಕುಗ್ಗಿ ಕೂತವು, ಎರಡನೆಯದಕ್ಕೆ ಕತ್ತು ನೀಳ ಮಾಡಿ ಸುತ್ತ ನೋಡಿದವು. ಹೇಂಟೆ ಹತ್ತಿರವಿದ್ದರೆ ಹುಂಜ ಹೆಚ್ಚು ಕೂಗುತ್ತದೆ ಎಂಬುದೂ ಅವರಿಗೆ ಕಂಡಿತು. ಯಾರಿಗೂ ಬೇಡವಾದ ಆ ಹುಂಜಕ್ಕೆ ಎಂಟು ಹತ್ತು ಹೇಂಟೆಗಳ ನಡುವೆ ಕೆಲಸವಿದೆ. ಆದರೆ ಎಚ್ಚರಿಕೆ ಕೇಳಿ ಓಡಲು ಮರೆ ಇರಬೇಕು. ಬೋಳು ಅಂಗಳದಲ್ಲಿ ಕೂಗಿ ಏನು ಫಲ? ದಾಸವಾಳದ ಪೊದೆ, ನಾಲ್ಕು ಬಾಳೆಗಿಡ, ಒರಗಿಸಿಟ್ಟ ತಡಿಕೆ, ಅಷ್ಟಾದರೂ ಇರಲಿ. ಎರಡು ತಿಂಗಳೊಳಗಿನ ಮರಿಗಳನ್ನು ಮಾತ್ರ ಹಗಲಲ್ಲೂ ಜಾಲರಿಯ ಮರೆಯಲ್ಲೇ ಮೇಯಿಸಬೇಕು, ಹದ್ದು, ಕಾಗೆ, ಮುಂಗುಸಿ ಎಲ್ಲಕ್ಕೂ ಅವು ಸುಲಭದ ತುತ್ತು.

ಕೈದಾಟಿಸುವ ಕ್ರಮದಲ್ಲೂ ಎರಡು ಮೂರು ವಿಷಯ ತಪ್ಪಬಾರದು. ಕೋಳಿ ಹಿಂಡಿನಲ್ಲಿ ಯಾರು ಯಾರನ್ನು ಕುಕ್ಕಬಹುದೆಂಬ ಮೇಲುಕೀಳಿನ ಸಾಲು ಇರುತ್ತದೆ ಎಂದು ನಾರ್ವೆಯ ಥೋರ್ಲೀಫ್ ಷೆಲ್ಡೆರುಪ್ ಎಬ್ಬೆ ನೂರು ವರ್ಷಗಳ ಹಿಂದೆಯೇ ಬರೆದರು. ಒಂಟಿಯಾಗಿ ಬಂದ ಹೊಸ ಕೋಳಿ ಆ ಸಾಲಿನ ತುದಿಗೆ ಬೀಳುತ್ತದೆ, ಕುಕ್ಕಿಸಿಕೊಂಡು ಗೂಡಿನಿಂದ ಹೊರಗುಳಿಯುತ್ತದೆ, ಹೊರಗುಳಿದದ್ದೇ ರಾತ್ರಿ ಹೋಗುತ್ತದೆ. ಹೇಂಟೆಯಾದರೆ ಒಂದನ್ನೇ ಕೊಡಬೇಡಿ, ಎರಡೋ ಮೂರೋ ಜೊತೆಯಾಗಿ ಕೊಡಿ. ಹುಂಜವಾದರೆ ಈಗಾಗಲೇ ಹುಂಜವಿರುವ ಹಿಂಡಿಗೆ ಕೊಡಬೇಡಿ. ಮೊದಲು ಎರಡು ವಾರ ಪಡೆದವರು ಅದನ್ನು ಬೇರೆ ಕಡೆ, ಬೇರೆ ನೀರಿನ ಪಾತ್ರೆ ಕೊಟ್ಟು ಇಡಲಿ. ಹೊಸಬರ ಜೊತೆ ಕೊಕ್ಕರೆ ರೋಗ ಬಂದರೆ ಮುಂಗುಸಿಗೆ ಉಳಿಯುವುದು ಏನೂ ಇಲ್ಲ, ಲಸಿಕೆಯ ದಿನಾಂಕವನ್ನು ಒಂದು ಚೀಟಿಯಲ್ಲಿ ಬರೆದುಕೊಡುವುದು ಕೊಡುವವರ ಕರ್ತವ್ಯ. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ ಜಿಲ್ಲೆಗಳಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಂಥ ಸಮಯದಲ್ಲಿ ಕೋಳಿಯನ್ನು ಎಲ್ಲಿಗೂ ಸಾಗಿಸಲೇಬಾರದು. ಆ ಎರಡು ವಾರ ಮುಗಿದ ಮೇಲೆ ಹೊಸ ಗೂಡಿನಲ್ಲೇ ಒಂದು ವಾರ ಹಗಲೂ ಮುಚ್ಚಿಡಲಿ, ಹಳೆಯ ಹಿಂಡು ಜಾಲರಿಯ ಆಚೆಯಿಂದ ಕಂಡು ರೂಢಿಯಾಗಲಿ. ಆಮೇಲೆ ಬಿಡುವುದಾದರೆ ಬೆಳಿಗ್ಗೆ ಬಿಡಬೇಡಿ, ಸಂಜೆ ಹೊತ್ತಿಳಿಯಲು ಒಂದು ಗಂಟೆ ಇರುವಾಗ ಬಿಡಿ. ದೂರ ಹೋಗಲು ಹೊತ್ತಿರುವುದಿಲ್ಲ, ಕತ್ತಲು ತಾನೇ ಅದನ್ನು ಗೂಡಿಗೆ ತಿರುಗಿಸುತ್ತದೆ.

ಬಣ್ಣದ ಮರಿಯನ್ನು ದಯವಿಟ್ಟು ಕೊಳ್ಳಬೇಡಿ. ಈಗಾಗಲೇ ಮನೆಯಲ್ಲಿ ಬೆಳೆದು ನಿಂತ ಹುಂಜಕ್ಕೋ ನಾಲ್ಕು ಹೇಂಟೆಗಳಿಗೋ ಜಾಗ ಹುಡುಕುತ್ತಿದ್ದರೆ, ಕೊಡಲು ಒಪ್ಪಿದ ಮನೆಗೆ ಬೆಳಗಿನ ಬಿಸಿಲಿನಲ್ಲಿ ಹೋಗಿ ಹಸಿರು ತೋಟ ನೋಡಿ ಬರಬೇಡಿ. ಸಂಜೆ ಆರೂವರೆಗೆ ಹೋಗಿ. ಅಲ್ಲಿನ ಕೋಳಿಗಳು ಎಲ್ಲಿಗೆ ಹೋಗುತ್ತವೆ ನೋಡಿ, ಎಣಿಸುವವರು ಯಾರು ಎಂದು ಕೇಳಿ, ಕದವನ್ನು ನೀವೇ ಎಳೆದು ಚಿಲಕ ಹಾಕಿ. ಚಿಲಕ ಬೀಳದಿದ್ದರೆ ನಿಮ್ಮ ಕೋಳಿಯನ್ನು ಅಂದು ಮನೆಗೆ ವಾಪಸ್ ಕರೆದುಕೊಂಡು ಬನ್ನಿ. ಮುಂದಿನ ವಾರ ಹೋಗುವಾಗ ಅರ್ಧ ಇಂಚಿನ ಜಾಲರಿಯ ಸುರುಳಿಯೊಂದನ್ನು, ಒಂದು ಗಟ್ಟಿ ಚಿಲಕವನ್ನು ಜೊತೆಯಲ್ಲಿ ಒಯ್ಯಿರಿ.